ಇಗರ್ಜಿಯ ಛಾವಣಿಯ ಮೇಲೆ ಸೂರ್ಯಶಕ್ತಿ

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ, ಸೆವರ್ನ್ ನದಿಯ ಸಮೀಪದಲ್ಲಿ, ಗ್ಲಾಸ್ಟರ್ ಎಂಬ ಪುರಾತನ ನಗರವಿದೆ. ಅಲ್ಲಿಯ ದೊಡ್ಡ ಇಗರ್ಜಿಯ ನಿರ್ಮಾಣವು 1089ರಲ್ಲಿ ಆರಂಭವಾಯಿತು. ಮೊದಲು ಅದು ಸಂನ್ಯಾಸಿಗಳ ಮಠಕ್ಕೆ ಸೇರಿದ್ದಿತು. ದೊರೆ ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿದ ಮೇಲೆ, 1541ರಲ್ಲಿ, ಬಿಷಪ್ಪರ ಪೀಠವುಳ್ಳ ಕೆಥೀಡ್ರಲ್ ಆಯಿತು. ಹ್ಯಾರಿ ಪಾಟರ್ ಚಲನಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳು ಅದರ ಕಲ್ಲಿನ ಪಡಸಾಲೆಗಳನ್ನು, ಹೆಸರು ತಿಳಿಯದೆಯೆ, ಕಂಡಿದ್ದಾರೆ. ಇಷ್ಟು ಹಳೆಯದಾದ ಈ ಕಟ್ಟಡದ ನೆತ್ತಿಯ ಮೇಲೆ 2016ರಲ್ಲಿ 150 ಸೌರಫಲಕಗಳನ್ನು ಕೂರಿಸಿದರು. ಅವುಗಳ ಒಟ್ಟು ಸಾಮರ್ಥ್ಯ 38 ಕಿಲೋವಾಟ್. ಕಟ್ಟಡಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಸುಮಾರು ಕಾಲು ಭಾಗವನ್ನು ಅವು ಒದಗಿಸುವುವೆಂದು ಆಗ ಲೆಕ್ಕ ಹಾಕಿದ್ದರು.

ಇದು ಅತಿ ಚಿಕ್ಕ ಸ್ಥಾವರ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ ಸೌರವಿದ್ಯುತ್ ಕೇಂದ್ರದ ಸಾಮರ್ಥ್ಯ 2,050 ಮೆಗಾವಾಟ್. ಅದರಲ್ಲಿ ಇಂಥ ಐವತ್ತು ಸಾವಿರಕ್ಕೂ ಹೆಚ್ಚು ಸ್ಥಾವರಗಳು ಅಡಗಬಲ್ಲವು. ಹಾಗಿದ್ದರೂ ಗ್ಲಾಸ್ಟರಿನ ಛಾವಣಿಯನ್ನೇ ನಾವು ಇಲ್ಲಿ ಆಯ್ದುಕೊಂಡುದಕ್ಕೆ ಕಾರಣವುಂಟು. ಬಯಲಿನಲ್ಲಿ ಸ್ಥಾವರ ಕಟ್ಟುವವನು ದಿಕ್ಕು, ಇಳಿಜಾರು, ನೆರಳು ಇವೆಲ್ಲವನ್ನೂ ತನಗೆ ಬೇಕಾದಂತೆ ಗೊತ್ತುಮಾಡಿಕೊಳ್ಳಬಹುದು. ಹಳೆಯ ಕಟ್ಟಡದ ಮೇಲೆ ಕಟ್ಟುವವನಿಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಸೂರ್ಯನ ಗತಿ, ಕಟ್ಟಡದ ಆಕಾರ, ಜನರು ಅದನ್ನು ಉಪಯೋಗಿಸುವ ಹೊತ್ತು ಈ ಮೂರೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಸೌರವಿದ್ಯುತ್ತಿನಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಅಲ್ಲಿ ಬೇಗನೆ ತಿಳಿಯುತ್ತದೆ.

ಮೊದಲು ಫಲಕದ ಒಳಗೆ ನಡೆಯುವುದೇನೆಂಬುದನ್ನು ನೋಡೋಣ.

ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬ ಸಂಗತಿ 1839ರಷ್ಟು ಹಿಂದೆಯೆ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಎಂಬ ತರುಣ ವಿಜ್ಞಾನಿಗೆ ಗೋಚರವಾಗಿದ್ದಿತು. ಆದರೆ ಅದು ಬಹು ಕಾಲ ಪ್ರಯೋಗಶಾಲೆಯ ಕುತೂಹಲವಾಗಿಯೆ ಉಳಿಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚೇಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ಸಿಲಿಕಾನಿನಿಂದ ಮಾಡಿದ ಕೋಶವನ್ನು ಜನರ ಮುಂದಿಟ್ಟರು. ತನ್ನ ಮೇಲೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಿತು. ಅದರ ಬೆಲೆ ಮಾತ್ರ ಮನೆಮಾರುಗಳಿಗೆ ಎಟುಕುವಂಥದಾಗಿರಲಿಲ್ಲ. ಆದುದರಿಂದ ಸೌರಕೋಶಗಳು ಮೊದಲು ಕೆಲಸಕ್ಕೆ ಬಂದುದು ಭೂಮಿಯ ಮೇಲಲ್ಲ, ಆಕಾಶದಲ್ಲಿ. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್ ಉಪಗ್ರಹದ ಬ್ಯಾಟರಿ ಕೆಲವೇ ತಿಂಗಳಲ್ಲಿ ಬರಿದಾಯಿತು. ಅದರ ಸೌರಕೋಶಗಳು 1964ರ ವರೆಗೂ ಸಂಕೇತಗಳನ್ನು ಕಳುಹಿಸುತ್ತಲೆ ಇದ್ದುವು.

ಸಿಲಿಕಾನ್ ಮರಳಿನ ಮುಖ್ಯ ಧಾತು. ಅದರ ಪ್ರತಿಯೊಂದು ಪರಮಾಣುವಿನ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನುಗಳಿವೆ. ಹರಳಿನಲ್ಲಿ ಅವು ನಾಲ್ಕು ಮಗ್ಗುಲಿನ ಪರಮಾಣುಗಳೊಡನೆ ಕೈಕೈ ಹಿಡಿದಂತೆ ಕಟ್ಟುಬಿದ್ದಿರುತ್ತವೆ. ಬೆಳಕಿನ ಒಂದು ಕಣವು, ಎಂದರೆ ಫೋಟಾನು, ಸಾಕಷ್ಟು ಶಕ್ತಿಯೊಡನೆ ಬಂದು ಬಡಿದರೆ ಒಂದು ಎಲೆಕ್ಟ್ರಾನು ಆ ಕಟ್ಟಿನಿಂದ ಬಿಡಿಸಿಕೊಂಡು ಹರಳಿನಲ್ಲಿ ಅಲೆಯತೊಡಗುವುದು. ಅದು ಬಿಟ್ಟುಹೋದ ಸ್ಥಳದಲ್ಲಿ ಒಂದು ತೆರಪು ಉಳಿಯುವುದು. ಇಷ್ಟೇ ಆದರೆ ಪ್ರಯೋಜನವಿಲ್ಲ. ಅಲೆಯುವ ಎಲೆಕ್ಟ್ರಾನು ಮತ್ತೆ ಯಾವುದಾದರೊಂದು ತೆರಪಿಗೆ ಬಿದ್ದು, ಪಡೆದ ಶಕ್ತಿಯನ್ನು ಬರಿಯ ಶಾಖವಾಗಿ ಕಳೆದುಬಿಡುವುದು.

ಹಾಗಾಗದಂತೆ ತಡೆಯಲು ಒಂದು ಯುಕ್ತಿಯಿದೆ. ಸಿಲಿಕಾನಿನ ಒಂದು ಮಗ್ಗುಲಿಗೆ ಅತ್ಯಲ್ಪ ಪ್ರಮಾಣದ ರಂಜಕವನ್ನು ಬೆರೆಸುತ್ತಾರೆ. ಹೊರಸುತ್ತಿನಲ್ಲಿ ಐದು ಎಲೆಕ್ಟ್ರಾನುಗಳಿರುವ ಧಾತುವಾದುದರಿಂದ ಅಲ್ಲಿ ಒಂದೊಂದು ಹೆಚ್ಚಾಗುತ್ತದೆ. ಇನ್ನೊಂದು ಮಗ್ಗುಲಿಗೆ ಬೋರಾನನ್ನು ಬೆರೆಸುತ್ತಾರೆ. ಅದರಲ್ಲಿ ಮೂರೇ ಇರುವುದರಿಂದ ಅಲ್ಲಿ ಒಂದೊಂದು ಕೊರತೆ ಬೀಳುತ್ತದೆ. ಎರಡೂ ಸೇರುವ ಗಡಿಯಲ್ಲಿ ಹೆಚ್ಚಿದ್ದ ಎಲೆಕ್ಟ್ರಾನುಗಳು ಕೊರತೆಯ ಕಡೆಗೆ ಸರಿಯುತ್ತವೆ. ಇದರಿಂದ ಗಡಿಯ ಒಂದು ಕಡೆ ಧನವಿದ್ಯುತ್ತೂ ಮತ್ತೊಂದು ಕಡೆ ಋಣವಿದ್ಯುತ್ತೂ ನೆಲೆಸಿ, ನಡುವೆ ಒಂದು ವಿದ್ಯುತ್ ಇಳಿಜಾರು ಏರ್ಪಡುವುದು. ಬೆಳಕು ಬಿಡಿಸಿದ ಎಲೆಕ್ಟ್ರಾನು ಈ ಇಳಿಜಾರಿಗೆ ಸಿಕ್ಕಿತೆಂದರೆ ತಿರುಗಿ ಬರಲಾರದು. ರಂಜಕದ ಮಗ್ಗುಲಿಗೆ ಜಾರಿಹೋಗುವುದು. ಅಲ್ಲಿಂದ ತನ್ನ ಮೊದಲಿನ ಸ್ಥಾನಕ್ಕೆ ಸೇರಲು ಅದಕ್ಕಿರುವ ಸುಲಭದ ದಾರಿ ಹೊರಗಿನ ತಂತಿಯೊಂದೇ. ಆ ತಂತಿಯ ನಡುವೆ ದೀಪವನ್ನಿಟ್ಟರೆ ದೀಪವು ಉರಿಯುತ್ತದೆ.

ಒಂದು ಕೋಶ ಕೊಡುವ ಒತ್ತಡ ಅರ್ಧ ವೋಲ್ಟಿಗೆ ತುಸು ಮೇಲೆ. ಕೋಶವನ್ನು ಎಷ್ಟು ಅಗಲ ಮಾಡಿದರೂ ಹರಿವು ಹೆಚ್ಚುವುದಲ್ಲದೆ ಒತ್ತಡವು ಹೆಚ್ಚುವುದಿಲ್ಲ. ಆದುದರಿಂದ ಒಂದು ಫಲಕದಲ್ಲಿ ಅರವತ್ತು ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿದಂತೆ ಪೋಣಿಸುವುದು ವಾಡಿಕೆ. ಗ್ಲಾಸ್ಟರಿನಲ್ಲಿ 38 ಕಿಲೋವಾಟನ್ನು 150 ಫಲಕಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 250 ವಾಟ್ ಬರುವುದು. ಆ ಕಾಲದ ಇಂಥ ಫಲಕವು ಹೆಚ್ಚುಕಡಮೆ 1.6 ಚದರ ಮೀಟರಿನದು. ಶುಭ್ರವಾದ ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟಿನಷ್ಟು ಶಕ್ತಿಯನ್ನು ಸುರಿಸುತ್ತದೆಯಷ್ಟೆ. ಅದರಲ್ಲಿ ನೂರಕ್ಕೆ ಹದಿನೈದು ಹದಿನಾರು ಪಾಲು ಕೈಗೆ ದೊರೆತಂತಾಯಿತು. ಇಂದು ಮಾರುಕಟ್ಟೆಯಲ್ಲಿರುವ ಒಳ್ಳೆಯ ಫಲಕಗಳು ಇಪ್ಪತ್ತನ್ನು ದಾಟಿವೆ. ಆದರೆ ಒಂದೇ ಗಡಿಯುಳ್ಳ ಸಿಲಿಕಾನ್ ಕೋಶವು ಮೂರನೆಯ ಒಂದು ಪಾಲನ್ನು ಮೀರಲಾರದು. ಕೆಂಪಿಗೂ ಈಚೆಗಿನ ದುರ್ಬಲ ಕಿರಣಗಳು ಎಲೆಕ್ಟ್ರಾನನ್ನು ಬಿಡಿಸಲಾರದೆ ಹಾಯ್ದುಹೋಗುತ್ತವೆ. ನೀಲಿಯ ಪ್ರಬಲ ಕಿರಣಗಳು ಬಿಡಿಸಿದ ಮೇಲೆ ಉಳಿದ ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ.

ಇನ್ನು ಕಟ್ಟಡದ ವಿಷಯ. ಕ್ರೈಸ್ತರ ಹಳೆಯ ಇಗರ್ಜಿಗಳನ್ನು ಪೂರ್ವಾಭಿಮುಖವಾಗಿ ಕಟ್ಟುವುದು ಯೂರೋಪಿನಲ್ಲಿ ಬಹುಕಾಲದ ಸಂಪ್ರದಾಯವಾಗಿದ್ದಿತು. ಪೂಜಾವೇದಿಕೆ ಪೂರ್ವದ ತುದಿಯಲ್ಲಿ, ಬಾಗಿಲು ಪಶ್ಚಿಮದಲ್ಲಿ. ನಡುವೆ ಉದ್ದವಾದ ಸಭಾಂಗಣ. ಹೀಗೆ ಪೂರ್ವ ಪಶ್ಚಿಮವಾಗಿ ಮಲಗಿದ ಕಟ್ಟಡಕ್ಕೆ ಎರಡು ಇಳಿಜಾರುಗಳ ಛಾವಣಿ ಹೊದಿಸಿದರೆ ಒಂದು ಇಳಿಜಾರು ಉತ್ತರಕ್ಕೂ ಇನ್ನೊಂದು ದಕ್ಷಿಣಕ್ಕೂ ಮುಖ ಮಾಡುವುದು ಅನಿವಾರ್ಯ. ಕರ್ಕಾಟಕ ವೃತ್ತಕ್ಕೆ ಉತ್ತರದಲ್ಲಿರುವ ದೇಶಗಳಲ್ಲಿ ಮಧ್ಯಾಹ್ನದ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿಯೆ ಇರುತ್ತಾನೆ. ವಿದ್ಯುತ್ತೆಂಬುದರ ಹೆಸರೂ ಇಲ್ಲದ ಕಾಲದಲ್ಲಿ, ಬೇರೆ ಉದ್ದೇಶದಿಂದ ಗೊತ್ತುಮಾಡಿದ ದಿಕ್ಕು ಸೌರಫಲಕಗಳಿಗೆ ಬೇಕಾದ ದಿಕ್ಕೇ ಆಗಿ ಪರಿಣಮಿಸಿದೆ. ಗ್ಲಾಸ್ಟರಿನ ಫಲಕಗಳು ಸಭಾಂಗಣದ ದಕ್ಷಿಣದ ಇಳಿಜಾರಿನ ಮೇಲೆ ಕೂತಿವೆ.

ಇಳಿಜಾರಿನಿಂದ ಎಷ್ಟು ಲಾಭವೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಗ್ಲಾಸ್ಟರಿನ ಅಕ್ಷಾಂಶ ಸುಮಾರು 52 ಡಿಗ್ರಿ. ಜೂನ್ ತಿಂಗಳ ಕೊನೆಯ ವಾರದ ಮೊದಲಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯನು ದಿಗಂತದಿಂದ 62 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರಿನಲ್ಲಿ 15 ಡಿಗ್ರಿ ಮಾತ್ರ. ಆಗ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟರೆ ನಡುಮಧ್ಯಾಹ್ನದಲ್ಲಿಯೂ ಅದರ ನೆರಳು ಮೂರೂವರೆ ಮೀಟರಿಗಿಂತ ಉದ್ದ. ಅದೇ ದಿನ ಬೆಂಗಳೂರಿನಲ್ಲಿ ನೆಟ್ಟ ಕೋಲಿನ ನೆರಳು ಮುಕ್ಕಾಲು ಮೀಟರನ್ನು ಮುಟ್ಟುವುದಿಲ್ಲ, ಅಳೆದು ನೋಡಬಹುದು. ಡಿಸೆಂಬರಿನ ಆ ಬಾಗಿದ ಬಿಸಿಲಿಗೆ ಫಲಕವನ್ನು ನೆಲಕ್ಕೆ ಸಮನಾಗಿ ಮಲಗಿಸಿದರೆ ಅದರ ಮೇಲೆ ನೇರವಾಗಿ ಬೀಳುವ ಪಾಲು 15 ಡಿಗ್ರಿಯ ಸೈನ್, ಎಂದರೆ 0.26. ದಕ್ಷಿಣಕ್ಕೆ 30 ಡಿಗ್ರಿ ಬಾಗಿಸಿದರೆ 45 ಡಿಗ್ರಿಯ ಸೈನ್, 0.71. ಬರಿಯ ಬಾಗುವಿಕೆಯಿಂದ ನೇರ ಬಿಸಿಲಿನ ಪ್ರಯೋಜನ ಎರಡೂವರೆ ಮಡಿಗಿಂತ ಹೆಚ್ಚಾಯಿತು.

ಮೋಡ ಕವಿದ ಇಂಗ್ಲೆಂಡಿನಲ್ಲಿ ಸೂರ್ಯಶಕ್ತಿಯೆ ಎಂದು ನಗುವವರುಂಟು. ಅಲ್ಲಿ ವರ್ಷದಲ್ಲಿ ನೆಲಕ್ಕೆ ಬೀಳುವ ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಮೋಡಗಳಲ್ಲಿ ಚದರಿ ಬರುವ ಬೆಳಕೇ ಎಂಬುದು ನಿಜ. ಆದರೆ ಚದರಿದ ಬೆಳಕಿನ ಫೋಟಾನೂ ಎಲೆಕ್ಟ್ರಾನನ್ನು ಬಿಡಿಸಬಲ್ಲುದು. ಸಂಖ್ಯೆಯಲ್ಲಿ ಕಡಮೆ, ಅಷ್ಟೆ. ಚಳಿಯಂತೂ ಫಲಕಕ್ಕೆ ಹಿತವೇ ಸರಿ. ಸಿಲಿಕಾನ್ ಕೋಶದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಅದರ ಉತ್ಪತ್ತಿ ನೂರಕ್ಕೆ 0.4ರಷ್ಟು ಕುಗ್ಗುವುದು. ಫಲಕಗಳ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿಯಲ್ಲಿ. ಬಿರುಬಿಸಿಲಿನಲ್ಲಿ ಅವು 55 ಡಿಗ್ರಿಗೆ ಏರಿದರೆ ಎಂಟನೆಯ ಒಂದು ಪಾಲು ಹಾಗೆಯೇ ಹೋದಂತಾಯಿತು. ಇವೆಲ್ಲವನ್ನೂ ಕೂಡಿ ಕಳೆದು ನೋಡಿದರೆ ಇಂಗ್ಲೆಂಡಿನ ಆ ಭಾಗದಲ್ಲಿ ಒಂದು ಕಿಲೋವಾಟ್ ಫಲಕವು ವರ್ಷಕ್ಕೆ ಸುಮಾರು 900 ಯೂನಿಟ್ ವಿದ್ಯುತ್ತನ್ನು ಕೊಡುತ್ತದೆ. ಬೆಂಗಳೂರಿನಲ್ಲಿ 1,400ಕ್ಕೆ ಕಡಮೆಯಿಲ್ಲ. ಈ ಲೆಕ್ಕದಲ್ಲಿ ಗ್ಲಾಸ್ಟರಿನ 38 ಕಿಲೋವಾಟಿನಿಂದ ವರ್ಷಕ್ಕೆ ಸುಮಾರು 34,000 ಯೂನಿಟ್ ನಿರೀಕ್ಷಿಸಬಹುದು. ಹಗಲು ರಾತ್ರಿ, ಬೇಸಗೆ ಚಳಿಗಾಲಗಳನ್ನೆಲ್ಲ ಸರಾಸರಿ ಮಾಡಿದರೆ 38 ಕಿಲೋವಾಟ್ ಎಂಬ ದೊಡ್ಡ ಹೆಸರಿನ ಹಿಂದೆ ಸದಾ ದುಡಿಯುತ್ತಿರುವುದು ನಾಲ್ಕು ಕಿಲೋವಾಟ್ ಮಾತ್ರ.

ನೆರಳಿನ ಮಾತನ್ನು ಇಲ್ಲಿ ಹೇಳಬೇಕು. ಪೋಣಿಸಿದ ಕೋಶಗಳಲ್ಲಿ ಒಂದೇ ಹರಿವು ಎಲ್ಲದರ ಮೂಲಕವೂ ಹಾಯಬೇಕಾಗಿರುವುದರಿಂದ, ಒಂದು ಕೋಶದ ಮೇಲೆ ನೆರಳು ಬಿದ್ದರೆ ತೋಟದ ನೀರಿನ ಕೊಳವೆಯನ್ನು ಒಂದೆಡೆ ಹಿಸುಕಿದಂತೆ ಇಡೀ ಸಾಲಿನ ಹರಿವೇ ಕುಗ್ಗುವುದು. ನೆರಳಿಗೆ ಸಿಕ್ಕ ಭಾಗವನ್ನು ಬಳಸಿಹೋಗಲು ಫಲಕದ ಹಿಂದೆ ಡಯೋಡುಗಳನ್ನು ಇಟ್ಟಿರುತ್ತಾರೆ. ನಷ್ಟ ಕಡಮೆಯಾಗುವುದೇ ಹೊರತು ಇಲ್ಲವಾಗುವುದಿಲ್ಲ. ಇಗರ್ಜಿಗೆ ಗೋಪುರವಿರುವುದು ಸಹಜ. ಗ್ಲಾಸ್ಟರಿನಲ್ಲಿ ಸುಮಾರು 69 ಮೀಟರ್ ಎತ್ತರದ ಗೋಪುರವು ಸಭಾಂಗಣದ ಪೂರ್ವಕ್ಕೆ ನಿಂತಿದೆ. ಆದುದರಿಂದ ಅದರ ನೆರಳು ಸಭಾಂಗಣದ ಕಡೆಗೆ ಚಾಚುವುದು ಬೆಳಗಿನ ಹೊತ್ತಿನಲ್ಲಿ. ಬಿಸಿಲು ಪ್ರಬಲವಾಗುವ ನಡುಹಗಲಿನಲ್ಲಿ ಅದು ಉತ್ತರಕ್ಕೆ ತಿರುಗಿರುತ್ತದೆ. ಗೋಪುರವು ದಕ್ಷಿಣದಲ್ಲಿದ್ದಿದ್ದರೆ ಈ ಕೆಲಸಕ್ಕೆ ಕೈಹಾಕುವ ಮೊದಲು ಬಹಳ ಯೋಚಿಸಬೇಕಾಗುತ್ತಿದ್ದಿತು.

ಫಲಕದಿಂದ ಹೊರಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ತು. ಕಟ್ಟಡದ ದೀಪಗಳೂ ಊರಿನ ತಂತಿಗಳೂ ಬಳಸುವುದು ಸೆಕೆಂಡಿಗೆ 50 ಸಲ ಹಿಂದುಮುಂದಾಗುವ ಪರ್ಯಾಯ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾಡುವ ಉಪಕರಣಕ್ಕೆ ಇನ್ವರ್ಟರ್ ಎನ್ನುತ್ತಾರೆ. ನಮ್ಮಲ್ಲಿ ಇದು ಮನೆಮನೆಯ ಮಾತಾಗಿದೆ. ಆದರೆ ನಮ್ಮ ಮನೆಗಳಲ್ಲಿ ವಿದ್ಯುತ್ತು ಹೋದಾಗ ಬ್ಯಾಟರಿಯಿಂದ ದೀಪ ಬೆಳಗಿಸುವ ಇನ್ವರ್ಟರಿಗೂ ಇದಕ್ಕೂ ಒಂದು ಭೇದವಿದೆ. ಇದು ಊರಿನ ತಂತಿಯ ತಾಳಕ್ಕೆ ತನ್ನ ತಾಳವನ್ನು ಹೊಂದಿಸಿಕೊಂಡು ಕೆಲಸ ಮಾಡುತ್ತದೆ. ತಂತಿಯಲ್ಲಿ ವಿದ್ಯುತ್ತು ನಿಂತರೆ ತಾನೂ ನಿಲ್ಲುತ್ತದೆ. ದುರಸ್ತಿಗೆಂದು ಕಂಬ ಹತ್ತಿದವನ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು ಇದು.

ಈಗ ನಾವು ಪ್ರಶ್ನೆಯ ತಿರುಳಿಗೆ ಬಂದೆವು. ವಿದ್ಯುತ್ತು ಹುಟ್ಟಿದ ಕ್ಷಣದಲ್ಲಿಯೆ ಎಲ್ಲಿಯಾದರೂ ಖರ್ಚಾಗಬೇಕು. ಕಣಜದಲ್ಲಿ ತುಂಬಿಡುವ ಕಾಳಿನಂಥದಲ್ಲ. ಆದುದರಿಂದ ವರ್ಷಕ್ಕೆ ಎಷ್ಟು ಯೂನಿಟ್ ಹುಟ್ಟಿತೆಂಬುದರಷ್ಟೇ ಮುಖ್ಯವಾದುದು ಯಾವ ಹೊತ್ತಿನಲ್ಲಿ ಹುಟ್ಟಿತೆಂಬುದು. ಗ್ಲಾಸ್ಟರಿನಂಥ ದೊಡ್ಡ ಇಗರ್ಜಿ ದಿನವೂ ತೆರೆದಿರುತ್ತದೆ. ಪ್ರವಾಸಿಗಳು ಬರುತ್ತಾರೆ, ದೀಪಗಳು ಉರಿಯುತ್ತವೆ, ಆರ್ಗನ್ ವಾದ್ಯಕ್ಕೆ ಗಾಳಿಯೂದುವ ಯಂತ್ರ ನಡೆಯುತ್ತದೆ, ಉಪಾಹಾರಗೃಹದಲ್ಲಿ ಚಹಾ ಕುದಿಯುತ್ತದೆ. ಹಗಲಿನಲ್ಲಿ ಹುಟ್ಟಿದುದು ಬಹುಮಟ್ಟಿಗೆ ಹಗಲಿನಲ್ಲಿಯೆ ಅಲ್ಲಿಯೆ ತೀರುತ್ತದೆ. ಹಳ್ಳಿಯ ಸಣ್ಣ ಇಗರ್ಜಿಯ ಸ್ಥಿತಿ ಬೇರೆ. ಅದರ ಬಾಗಿಲ ಬಳಿ ಜನ ಸೇರುವುದು ಭಾನುವಾರದ ಬೆಳಗ್ಗೆ. ಉಳಿದ ಆರು ದಿನ ಒಂದೆರಡು ದೀಪಗಳ ಖರ್ಚು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಂಥ ಹಳ್ಳಿಯ ಇಗರ್ಜಿಯೊಂದು 10 ಕಿಲೋವಾಟಿನ ಫಲಕಗಳನ್ನು ಹಾಕಿಸಿತೆನ್ನಿ. ವರ್ಷಕ್ಕೆ ಸುಮಾರು 9,000 ಯೂನಿಟ್ ಹುಟ್ಟುವುದು. ಜೂನಿನಲ್ಲಿ ದಿನಕ್ಕೆ ನಲವತ್ತರ ಹತ್ತಿರ ಬರುವುದು. ಡಿಸೆಂಬರಿನಲ್ಲಿ ದಿನಕ್ಕೆ ಏಳೋ ಎಂಟೋ. ಜೂನಿನಲ್ಲಿ ಅದನ್ನು ಕೊಳ್ಳುವವರು ಇಗರ್ಜಿಯೊಳಗೆ ಯಾರೂ ಇಲ್ಲ. ಡಿಸೆಂಬರಿನ ಭಾನುವಾರವಾದರೋ, ಕಲ್ಲುಗೋಡೆಯ ತಣ್ಣನೆಯ ಸಭಾಂಗಣವನ್ನು ವಿದ್ಯುತ್ತಿನಿಂದ ಕಾಯಿಸಬೇಕು. 20 ಕಿಲೋವಾಟಿನ ಕಾವಲಿಗಳನ್ನು ಮೂರು ಗಂಟೆ ಉರಿಸಿದರೆ 60 ಯೂನಿಟ್. ಎಂದರೆ ಎಂಟು ದಿನಗಳ ಉತ್ಪತ್ತಿ ಒಂದು ಪ್ರಾರ್ಥನೆಗೆ ಸಲ್ಲುವುದು. ಬ್ಯಾಟರಿಯಿಟ್ಟರೆ ಹಗಲಿನದನ್ನು ರಾತ್ರಿಗೆ, ಹೆಚ್ಚೆಂದರೆ ಶುಕ್ರವಾರದ್ದನ್ನು ಭಾನುವಾರಕ್ಕೆ ಸಾಗಿಸಬಹುದು. ಜೂನಿನದನ್ನು ಡಿಸೆಂಬರಿಗೆ ಸಾಗಿಸುವ ಬ್ಯಾಟರಿಯ ಬೆಲೆ ಇಗರ್ಜಿಯ ಬೆಲೆಯನ್ನು ಮೀರೀತು!

ಆದುದರಿಂದ ಇಂಥ ಸ್ಥಾವರದ ಹಣಕಾಸಿನ ಲೆಕ್ಕವು ಉಳಿದ ವಿದ್ಯುತ್ತನ್ನು ಊರಿನ ತಂತಿಗೆ ಕೊಟ್ಟಾಗ ಏನು ದೊರೆಯುತ್ತದೆಂಬುದರ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 2010ರಲ್ಲಿ ಜಾರಿಗೆ ಬಂದ ಏರ್ಪಾಡಿನಂತೆ, ಹುಟ್ಟಿಸಿದ ಪ್ರತಿಯೊಂದು ಯೂನಿಟ್ಟಿಗೂ, ತಾವೇ ಬಳಸಿದರೂ, ಹಣ ಬರುತ್ತಿದ್ದಿತು. ಕ್ರಮೇಣ ಆ ದರವನ್ನು ಇಳಿಸುತ್ತ ಬಂದು 2019ರಲ್ಲಿ ಹೊಸಬರಿಗೆ ಅದನ್ನು ನಿಲ್ಲಿಸಿಬಿಟ್ಟರು. 2020ರಿಂದ ಆಚೆಗೆ ಹೊಸಬರಿಗೆ ಹಣ ಬರುವುದು ಹೊರಗೆ ಕೊಟ್ಟುದಕ್ಕೆ ಮಾತ್ರ. ಮೇಲಿನ ಹಳ್ಳಿಯ ಇಗರ್ಜಿಗೆ ನಮ್ಮ ಸಲಹೆಯನ್ನು ಕೇಳಿದರೆ, ಫಲಕಗಳನ್ನು ಕೊಳ್ಳುವ ಮುಂಚೆ ಒಡೆದ ಕಿಟಕಿಯ ಸಂದುಗಳನ್ನು ಮುಚ್ಚಿರಿ, ಇಡೀ ಸಭಾಂಗಣದ ಗಾಳಿಯನ್ನು ಕಾಯಿಸುವ ಬದಲು ಕೂತವರ ಬೆಂಚುಗಳನ್ನು ಬೆಚ್ಚಗಿಡಿರಿ ಎಂದೇವು. ಕಾದ ಗಾಳಿ ಎತ್ತರದ ಕಮಾನಿಗೆ ಏರಿಹೋಗುವುದರಿಂದ ಅದರ ಸುಖ ಬಾವಲಿಗಳಿಗಲ್ಲದೆ ಭಕ್ತರಿಗೆ ದೊರೆಯುವುದಿಲ್ಲ.

ಆದರೂ ಇಂಗ್ಲೆಂಡಿನ ಇಗರ್ಜಿಗಳು ಒಂದರ ಹಿಂದೊಂದು ಈ ದಾರಿಗೆ ಬರುತ್ತಿರಲು ಬೇರೆ ಕಾರಣವುಂಟು. 2020ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಇಗರ್ಜಿಯ ಮಹಾಸಭೆಯು, ವಾತಾವರಣಕ್ಕೆ ತಾನು ಸೇರಿಸುತ್ತಿರುವ ಇಂಗಾಲದ ನಿವ್ವಳ ಪ್ರಮಾಣವನ್ನು 2030ರ ಹೊತ್ತಿಗೆ ಸೊನ್ನೆಗಿಳಿಸುವ ಗುರಿಯನ್ನು ಅಂಗೀಕರಿಸಿತು. ಅಲ್ಲಿಂದೀಚೆಗೆ ಪ್ರಶ್ನೆ ಬರಿಯ ರೊಕ್ಕದ್ದಾಗಿ ಉಳಿಯಲಿಲ್ಲ. ಬೇಸಗೆಯಲ್ಲಿ ಹಳ್ಳಿಯ ಇಗರ್ಜಿ ಬಳಸದೆ ಬಿಟ್ಟ ವಿದ್ಯುತ್ತು ಊರಿನ ತಂತಿಗೆ ಹರಿದು ಪಕ್ಕದ ಮನೆಗಳ ಒಲೆಗೆ ಸೇರುತ್ತದೆ; ಅಷ್ಟರಮಟ್ಟಿಗೆ ಎಲ್ಲಿಯೋ ಸುಡುವ ಅನಿಲ ಉಳಿಯುತ್ತದೆ.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಆರನೆಯ ಹೆನ್ರಿ 1446ರಲ್ಲಿ ಆರಂಭಿಸಿದನು. ಅದರ ಸೀಸದ ಛಾವಣಿಯನ್ನು ಹೊಸದಾಗಿ ಹೊದಿಸುವ ಸಂದರ್ಭ ಬಂದಾಗ ಸೌರಫಲಕಗಳನ್ನೂ ಹಾಕಬೇಕೆಂದು ಕಾಲೇಜು ಬಯಸಿತು. ಹಳೆಯ ಕಟ್ಟಡಗಳ ರಕ್ಷಣೆಯ ಬಗೆಗೆ ಸಲಹೆ ಕೊಡುವ ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸಂಸ್ಥೆಯು, ಇದರಿಂದ ಮಂದಿರದ ಅಂದಕ್ಕೆ ಹಾನಿಯೆಂದು ಆಕ್ಷೇಪಿಸಿತು. ಈ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಐನೂರು ವರ್ಷಗಳಿಂದ ಜನರ ಕಣ್ಣಿಗೆ ಒಂದು ರೀತಿಯಾಗಿ ಕಂಡುಬಂದ ಕಟ್ಟಡವನ್ನು ಬದಲಿಸುವವನು ತನ್ನ ಕಾರಣವನ್ನು ಮುಂದಿಡಲೇಬೇಕು. ನಗರಸಭೆಯ ಸಮಿತಿಯು ಎರಡೂ ಪಕ್ಷಗಳನ್ನು ಕೇಳಿ 2023ರಲ್ಲಿ ಒಪ್ಪಿಗೆಯಿತ್ತಿತು; ಅದೇ ವರ್ಷ 438 ಫಲಕಗಳು ಮೇಲೇರಿದುವು. ವರ್ಷಕ್ಕೆ ಸುಮಾರು 1,05,000 ಯೂನಿಟ್ ದೊರೆಯುವುದೆಂದು ಆಗ ಅಂದಾಜು ಮಾಡಿದ್ದರು.

ಗ್ಲಾಸ್ಟರಿನಲ್ಲಿ ಇಂಥ ತೊಡಕು ಬಹಳ ಏಳಲಿಲ್ಲ. ಛಾವಣಿಯ ಅಂಚಿನಲ್ಲಿ ಕಟ್ಟಿದ ಕೈಪಿಡಿಗೋಡೆಯು ನೆಲದ ಮೇಲಿನಿಂದ ನೋಡುವವರಿಗೆ ಫಲಕಗಳನ್ನು ಮರೆಮಾಡುತ್ತದೆ. ಇಂಥ ಕಡೆಗಳಲ್ಲಿ ಎಂಜಿನಿಯರುಗಳು ಪಾಲಿಸುವ ಒಂದು ನಿಯಮವೆಂದರೆ, ಹೊಸದನ್ನು ಮುಂದೆ ಯಾವಾಗಲಾದರೂ ತೆಗೆದುಹಾಕಿದರೆ ಹಳೆಯದು ಇದ್ದಂತೆಯೆ ಉಳಿದಿರಬೇಕು ಎಂಬುದು. ಒಳ್ಳೆಯ ಫಲಕದ ಆಯುಸ್ಸು ಇಪ್ಪತ್ತೈದು ಮೂವತ್ತು ವರ್ಷ. ಪ್ರತಿವರ್ಷವೂ ಅದರ ಉತ್ಪತ್ತಿ ನೂರಕ್ಕೆ ಅರ್ಧದಷ್ಟು ತಗ್ಗುತ್ತ ಹೋಗುವುದು. ಇನ್ವರ್ಟರನ್ನು ಅದರ ನಡುವೆ ಒಮ್ಮೆಯಾದರೂ ಬದಲಿಸಬೇಕಾಗುವುದು. ಗ್ಲಾಸ್ಟರಿನ 150 ಫಲಕಗಳನ್ನು ಇಳಿಸಿ ಬೇರೆಯವನ್ನು ಏರಿಸುವ ಕಾಲ 2045ರ ಆಸುಪಾಸಿನಲ್ಲಿ ಬರಬಹುದು. ಆಗ ಅದೇ 240 ಚದರ ಮೀಟರ್ ಜಾಗದಿಂದ, ಇಂದಿನ ಫಲಕಗಳನ್ನು ಹಾಕಿದರೂ, 50 ಕಿಲೋವಾಟಿನಷ್ಟು ಸಾಮರ್ಥ್ಯ ದೊರೆಯುತ್ತದೆ.